ಯೆಲ್ಲೋನೈಫ್: ಒಂದು ಚಿನ್ನದ ಊರಿನ ಜಮಾ-ಖರ್ಚು

(ನಮ್ಮ ಊರಿನ ಗ್ರಂಥಾಲಯದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಕೆನಡಾದ ಉತ್ತರ ಭಾಗದಲ್ಲಿರುವ ಯೆಲ್ಲೋನೈಫ್ ಎಂಬ ಊರಿನ ಬಗ್ಗೆ. ಗ್ರೇಟ್ ಸ್ಲೇವ್ ಎಂಬ ಭಾರಿ ಸರೋವರವಿದೆ. ಉತ್ತರ ಅಮೆರಿಕದಲ್ಲೇ ಅತಿ ಆಳದ್ದು, 614 ಮೀಟರ್. ಅದರ ಉತ್ತರ ದಂಡೆಯಲ್ಲಿ, ಬರೀ ಬಂಡೆಯ ಮೇಲೆ ಈ ಊರು ಕೂತಿದೆ. ಅಲ್ಲಿಂದ ಸುಮಾರು 400 ಕಿಲೋಮೀಟರ್ ಉತ್ತರಕ್ಕೆ ಹೋದರೆ ಆರ್ಕ್‌ಟಿಕ್ ವೃತ್ತ. ಜನವರಿಯ ಸರಾಸರಿ ಚಳಿ ಮೈನಸ್ 25 ಡಿಗ್ರಿಯ ಆಸುಪಾಸು. 2021ರ ಜನಗಣತಿಯ ಪ್ರಕಾರ ಅಲ್ಲಿರುವವರು 20,340 ಜನ. ನಮ್ಮಲ್ಲಾದರೆ ಒಂದು ಚಿಕ್ಕ ಪಟ್ಟಣದಷ್ಟು. ಆದರೆ ಅದು ನಾರ್ತ್‌ವೆಸ್ಟ್ ಟೆರಿಟರೀಸ್ ಎಂಬ ಇಡೀ ಪ್ರಾಂತ್ಯದ ರಾಜಧಾನಿ. ಆ ಪ್ರಾಂತ್ಯದ ಜನರಲ್ಲಿ ಅರ್ಧದಷ್ಟು ಇಲ್ಲೇ ಇದ್ದಾರೆ.

ಈ ಊರು ಹುಟ್ಟಿದ್ದು ಚಿನ್ನದಿಂದ. 1938ರಿಂದ 2004ರವರೆಗೆ ಅಲ್ಲಿ ಚಿನ್ನ ತೆಗೆದರು. ಇಷ್ಟು ದೂರದ ಊರಿನ ಕಥೆ ನಮಗೇಕೆ ಎಂದು ನೀವು ಕೇಳಬಹುದು. ನನಗೆ ಇದು ಮುಖ್ಯ ಅನಿಸಿದ್ದು ಒಂದೇ ಕಾರಣಕ್ಕೆ. ಗಣಿಯ ಲೆಕ್ಕವನ್ನು ನಾವು ಯಾವಾಗಲೂ ಅರ್ಧ ಬರೆದು ಪುಸ್ತಕ ಮುಚ್ಚುತ್ತೇವೆ. ಎಷ್ಟು ಚಿನ್ನ ಸಿಕ್ಕಿತು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅಷ್ಟು ಬರೆದರೆ ಮುಗಿಯಿತು. ಯೆಲ್ಲೋನೈಫ್‌ನಲ್ಲಿ ಇನ್ನರ್ಧವೂ ಕಣ್ಣಿಗೆ ಕಾಣುವಂತೆ ಉಳಿದಿದೆ. ಅದನ್ನು ನಿಮ್ಮ ಮುಂದೆ ಇಡಬೇಕು ಅನಿಸಿತು.

ಚಿನ್ನಕ್ಕೆ ಮುಂಚಿನಿಂದ ಶುರು ಮಾಡೋಣ. ಆ ಜಾಗ ಖಾಲಿ ಇರಲಿಲ್ಲ. ಅದು ದೆನೆ ಎಂಬ ಮೂಲನಿವಾಸಿಗಳ ನೆಲ. ಅವರಲ್ಲಿ ಒಂದು ಗುಂಪಿನವರು ತಾಮ್ರದಿಂದ ಕತ್ತಿ, ಚೂರಿ ಮಾಡಿಕೊಳ್ಳುತ್ತಿದ್ದರು. ಊರಿಗೆ ಹೆಸರು ಬಂದದ್ದು ಅವರಿಂದ. ಕ್ಯಾರಿಬೂ ಎಂಬ ಹಿಮಸಾರಂಗದ ಬೇಟೆ, ಸರೋವರದ ಮೀನು, ತುಪ್ಪಳದ ವ್ಯಾಪಾರ, ಇದು ಅವರ ಬದುಕು. 1900ರಲ್ಲಿ ಕೆನಡಾ ಸರ್ಕಾರ ಅವರೊಡನೆ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ದೆನೆ ಹಿರಿಯರು ಇಂದಿಗೂ ಹೇಳುವುದು, ಅದು ಸ್ನೇಹದ ಒಪ್ಪಂದ, ನೆಲ ಬಿಟ್ಟುಕೊಟ್ಟ ಪತ್ರ ಅಲ್ಲ ಎಂದು. ಸರ್ಕಾರ ಅದನ್ನು ಬೇರೆ ರೀತಿ ಓದಿತು. 1928ರಲ್ಲಿ ಫ್ಲೂ ಜ್ವರ ಬಂತು. ಸರಕಿನ ಹಡಗಿನ ಜೊತೆ ಬಂದ ಕಾಯಿಲೆ ಅದು. ಆ ಸೀಮೆಯ ದೆನೆ ಜನರಲ್ಲಿ ಎಷ್ಟೋ ಮಂದಿ ಸತ್ತರು. ಗಣಿಗಾರರು ಬಂದಿಳಿದದ್ದು ಈ ಸಾವುಗಳಾಗಿ ಏಳೆಂಟು ವರ್ಷ ಕಳೆಯುವುದರೊಳಗೆ. ಇದನ್ನು ಮರೆಯಬಾರದು.

ಚಿನ್ನದ ಸುಳಿವು 1898ರಲ್ಲೇ ಸಿಕ್ಕಿತ್ತು. ಆಗ ಎಲ್ಲರೂ ಚಿನ್ನಕ್ಕಾಗಿ ಕೆನಡಾದ ವಾಯವ್ಯ ಮೂಲೆಯ ಕ್ಲಾಂಡೈಕ್ ಕಡೆ ಓಡುತ್ತಿದ್ದ ಕಾಲ. ದಾರಿಯಲ್ಲಿ ಒಬ್ಬ ಇಲ್ಲಿಯ ಕಲ್ಲಿನ ಮಾದರಿ ಕಳಿಸಿದ್ದ, ಅದರಲ್ಲಿ ಚಿನ್ನ ಇತ್ತು. ಆದರೂ ಯಾರೂ ಬರಲಿಲ್ಲ. ಕ್ಲಾಂಡೈಕ್‌ನಲ್ಲಿ ಹೊಳೆಯ ಮರಳು ಜಾಲಾಡಿದರೆ ಚಿನ್ನ ಸಿಗುತ್ತಿತ್ತು. ಇಲ್ಲಿ ಬಂಡೆ ಒಡೆಯಬೇಕು. ಅದಕ್ಕೆ ಯಂತ್ರ ಬೇಕು, ಬಂಡವಾಳ ಬೇಕು. ಯಂತ್ರ ತರಲು ದಾರಿಯೇ ಇರಲಿಲ್ಲ.

ಮೂವತ್ತರ ದಶಕದಲ್ಲಿ ಎರಡು ಸಂಗತಿ ಬದಲಾದವು. ಒಂದು, ವಿಮಾನ. ಬೇಸಿಗೆಯಲ್ಲಿ ನೀರಿನ ಮೇಲೆ ಇಳಿಯುವ, ಚಳಿಗಾಲದಲ್ಲಿ ಹಿಮಪಟ್ಟಿ ಕಟ್ಟಿಕೊಂಡು ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿಯುವ ಸಣ್ಣ ವಿಮಾನಗಳು ಬಂದವು. ಆ ನಾಡಿನ ತುಂಬ ಸರೋವರಗಳೇ. ಹಾಗಾಗಿ ಎಲ್ಲೆಂದರಲ್ಲಿ ಇಳಿಯಬಹುದಿತ್ತು. ಎರಡನೆಯದು ಬೆಲೆ. 1934ರಲ್ಲಿ ಅಮೆರಿಕ ಸರ್ಕಾರ ಒಂದು ಔನ್ಸ್ (ಸುಮಾರು 31 ಗ್ರಾಂ) ಚಿನ್ನದ ಬೆಲೆಯನ್ನು 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಅದು ಭಾರಿ ಆರ್ಥಿಕ ಕುಸಿತದ ಕಾಲ. ಗೋಧಿ, ಮರ, ತಾಮ್ರ, ಎಲ್ಲದರ ಬೆಲೆ ನೆಲ ಕಚ್ಚಿತ್ತು. ಕೂಲಿ ಇಳಿದಿತ್ತು. ಚಿನ್ನ ಒಂದರ ಬೆಲೆ ಮಾತ್ರ ಏರಿತು. ಅದಕ್ಕೇ ಕೆಲಸ ಇಲ್ಲದ ಗಂಡಸರು ಉತ್ತರಕ್ಕೆ ಹೊರಟರು.

1933-34ರಲ್ಲಿ ಜಾನಿ ಬೇಕರ್ ಮತ್ತು ಅವನ ಜೊತೆಗಾರರು ಯೆಲ್ಲೋನೈಫ್ ನದಿ ಮತ್ತು ಕೊಲ್ಲಿಯ ಸುತ್ತ ಚಿನ್ನ ಕಂಡರು. 1935ರಲ್ಲಿ ಸರ್ಕಾರದ ಭೂವಿಜ್ಞಾನ ಇಲಾಖೆಯ ತಂಡ ಕೊಲ್ಲಿಯ ಪಶ್ಚಿಮ ದಡದಲ್ಲೂ ಚಿನ್ನ ಇದೆ ಎಂದು ಹೇಳಿತು. ಕೂಡಲೇ ನೂಕುನುಗ್ಗಲು. ಅಲ್ಲಿನ ಕಾನೂನು ಸರಳವಾಗಿತ್ತು. ಲೈಸೆನ್ಸ್ ಇದ್ದವರು ಹೋಗಿ ನಾಲ್ಕು ಮೂಲೆಗೆ ಗೂಟ ಹೊಡೆದರೆ ಆ ನೆಲದ ಒಳಗಿನ ಖನಿಜದ ಹಕ್ಕು ಅವರದ್ದು. ಅಲ್ಲಿ ಯಾರು ಬೇಟೆಯಾಡುತ್ತಿದ್ದರು, ಯಾರು ಹಣ್ಣು ಕೀಳುತ್ತಿದ್ದರು ಎಂದು ಕೇಳುವ ನಿಯಮ ಇರಲಿಲ್ಲ. ಇವತ್ತಿನ ಕಾನ್ ಗಣಿ, ಜೈಂಟ್ ಗಣಿ, ಎರಡಕ್ಕೂ ಗೂಟ ಬಿದ್ದದ್ದು ಅದೇ 1935ರಲ್ಲಿ.

ಕಾನ್ ಗಣಿ ಮೊದಲು ಎದ್ದಿತು. 1938ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಚಿನ್ನದ ಗಟ್ಟಿ ಎರಕವಾಯಿತು. ಅಲ್ಲಿಗೆ ಯಂತ್ರ ಹೇಗೆ ಬಂದವು ಅನ್ನುವುದೇ ಒಂದು ಕಥೆ. ದಕ್ಷಿಣದಲ್ಲಿ ರೈಲು ನಿಲ್ಲುವ ಜಾಗದಿಂದ ದೋಣಿಯಲ್ಲಿ ನದಿ ಇಳಿಯಬೇಕು. ನಡುವೆ ಫೋರ್ಟ್ ಸ್ಮಿತ್ ಹತ್ತಿರ ನದಿ ಭೋರ್ಗರೆದು ಧುಮುಕುತ್ತದೆ. ಅಲ್ಲಿ ಎಲ್ಲವನ್ನೂ ಇಳಿಸಿ, ನೆಲದ ಮೇಲೆ ಸಾಗಿಸಿ, ಮತ್ತೆ ದೋಣಿಗೆ ಏರಿಸಬೇಕು. ಆಮೇಲೆ ಸರೋವರ ದಾಟಬೇಕು. ಇಷ್ಟೆಲ್ಲ ನೀರು ಹೆಪ್ಪುಗಟ್ಟದ ಕೆಲವೇ ತಿಂಗಳಲ್ಲಿ ಮುಗಿಯಬೇಕು.

ಹಾಗಾದರೆ ಇಷ್ಟು ಕಷ್ಟದ ಜಾಗದಲ್ಲಿ ಗಣಿ ಹೇಗೆ ಲಾಭ ಮಾಡಿತು? ಉತ್ತರ ಚಿನ್ನದ ಗುಣದಲ್ಲೇ ಇದೆ. ಒಳಗೆ ಬರುವ ಸರಕು ಟನ್‌ಗಟ್ಟಲೆ, ಹೊರಗೆ ಹೋಗುವುದು ಒಂದೆರಡು ಗಟ್ಟಿ. ವಿಮಾನದ ಸೀಟಿನ ಕೆಳಗೆ ಇಟ್ಟು ಕಳಿಸಿದರೂ ಆಯಿತು. ಅದೇ ಸರೋವರದ ದಕ್ಷಿಣ ದಡದಲ್ಲಿ ಪೈನ್ ಪಾಯಿಂಟ್ ಎಂಬ ಕಡೆ ಸೀಸ, ಸತುವಿನ ಅದಿರು ಬೇಕಾದಷ್ಟಿತ್ತು. ಅದನ್ನು ಸಾಗಿಸಲು ರೈಲು ಬೇಕಿತ್ತು. ಅರವತ್ತರ ದಶಕದಲ್ಲಿ ಸರ್ಕಾರ ಹಳಿ ಹಾಕುವವರೆಗೂ ಅದು ನೆಲದಲ್ಲೇ ಉಳಿಯಿತು. ಯೆಲ್ಲೋನೈಫ್‌ಗೆ ಇವತ್ತಿಗೂ ರೈಲು ಇಲ್ಲ. ರಸ್ತೆ ಬಂದದ್ದೂ 1960ರ ಹೊತ್ತಿಗೆ. ಅಂದರೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ರಸ್ತೆಯೇ ಇಲ್ಲದೆ ಆ ಊರು ಚಿನ್ನ ತೆಗೆಯಿತು.

ಎರಡನೇ ಮಹಾಯುದ್ಧದಲ್ಲಿ ಗಣಿಗಳು ಮುಚ್ಚಿದವು. ಕೆಲಸಗಾರರು ಸೈನ್ಯಕ್ಕೆ ಹೋದರು, ಯುದ್ಧಕ್ಕೆ ಬೇಕಾದದ್ದು ಚಿನ್ನ ಅಲ್ಲ. 1944ರ ಹೊತ್ತಿಗೆ ಜೈಂಟ್ ಗಣಿಯ ಜಾಗದಲ್ಲಿ ಡ್ರಿಲ್ ಮಾಡಿದವರಿಗೆ ಭಾರಿ ಅದಿರು ಸಿಕ್ಕಿತು. ಯುದ್ಧ ಮುಗಿದದ್ದೇ ತಡ, ಜನ ಮತ್ತೆ ಬಂದರು. ಬಂಡೆಯ ಮೇಲಿನ ಹಳೇ ಊರು ಸಾಲದೆ, ಹಿಂದಿನ ಮಟ್ಟಸ ನೆಲದಲ್ಲಿ ಹೊಸ ಊರು ಕಟ್ಟಿದರು. 1948ರ ಜೂನ್‌ನಲ್ಲಿ ಜೈಂಟ್ ಮೊದಲ ಗಟ್ಟಿ ಎರಕ ಹಾಕಿತು.

ಅಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. ಚಿನ್ನದ ಬೆಲೆ ಅದೇ 35 ಡಾಲರ್. ಅದು ಸರ್ಕಾರಗಳು ಕಟ್ಟಿಹಾಕಿದ ಬೆಲೆ. 1971ರವರೆಗೂ ಅಲುಗಾಡಲಿಲ್ಲ. ಆದರೆ ಕೂಲಿ, ಎಣ್ಣೆ, ಡೈನಮೈಟ್, ಎಲ್ಲದರ ದರ ವರ್ಷ ವರ್ಷ ಏರುತ್ತಿತ್ತು. ಮಾರುವ ವಸ್ತುವಿನ ಬೆಲೆ ಏರುವುದಿಲ್ಲ, ಮಾಡುವ ಖರ್ಚು ನಿಲ್ಲುವುದಿಲ್ಲ. ಕೆನಡಾ ಸರ್ಕಾರ 1948ರಲ್ಲಿ ಒಂದು ಕಾನೂನು ತಂದು ಚಿನ್ನದ ಗಣಿಗಳಿಗೆ ಸಹಾಯಧನ ಕೊಡಲು ಶುರು ಮಾಡಿತು. ಖರ್ಚು ಹೀಗೆ ಬಿಗಿಯಾಗಿದ್ದಾಗ ಕಂಪನಿಗಳು ಎಲ್ಲಿ ಉಳಿಸಲು ನೋಡುತ್ತವೆ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನ ಭಾಗ ಕೇಳಿ. ನಾನು ಇವತ್ತು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಎಲ್ಲ ಚಿನ್ನದ ಅದಿರು ಒಂದೇ ಥರ ಇರುವುದಿಲ್ಲ. ನಮ್ಮ ಕೋಲಾರದ ಚಾಂಪಿಯನ್ ರೀಫ್‌ನ ಚಿನ್ನ ಬಹುಪಾಲು ಬೆಣಚುಕಲ್ಲಿನಲ್ಲಿ ಬಿಡಿಯಾಗಿ ಇತ್ತು. ಕಲ್ಲು ಪುಡಿ ಮಾಡಿದರೆ ಚಿನ್ನ ಕೈಗೆ ಸಿಗುತ್ತಿತ್ತು. ಉಳಿದದ್ದನ್ನು ಸೈನೈಡ್ ಹಾಕಿ ಎಳೆಯುತ್ತಿದ್ದರು. ಜೈಂಟ್ ಗಣಿಯಲ್ಲಿ ಹಾಗಲ್ಲ. ಅಲ್ಲಿ ಚಿನ್ನ ಆರ್ಸೆನೋಪೈರೈಟ್ ಎಂಬ ಖನಿಜದ ಒಳಗೆ ಸಿಕ್ಕಿಹಾಕಿಕೊಂಡಿದೆ. ಅದು ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಖನಿಜ. ಎಷ್ಟು ಪುಡಿ ಮಾಡಿದರೂ ಸೈನೈಡ್ ಒಳಗೆ ಇಳಿಯುವುದಿಲ್ಲ. ಹಾಗಾಗಿ ಮೊದಲು ಅದನ್ನು ಕುಲುಮೆಯಲ್ಲಿ ಹುರಿಯಬೇಕು. ಹುರಿದಾಗ ಗಂಧಕ, ಆರ್ಸೆನಿಕ್ ಹೊಗೆಯಾಗಿ ಹೋಗುತ್ತವೆ. ಹೊಗೆ ತಣಿದರೆ ಬಿಳಿ ಪುಡಿ. ಅದೇ ಆರ್ಸೆನಿಕ್ ಟ್ರೈಆಕ್ಸೈಡ್. ಹಳೇ ಕಾಲದಲ್ಲಿ ನಮ್ಮ ಮನೆಗಳಲ್ಲಿ ಇಲಿ ಪಾಷಾಣ ಅಂತ ಇಟ್ಟುಕೊಳ್ಳುತ್ತಿದ್ದರಲ್ಲ, ಆ ಜಾತಿಯ ವಿಷ. ರುಚಿ ಇಲ್ಲ, ವಾಸನೆ ಇಲ್ಲ, ನೀರಿನಲ್ಲಿ ಕರಗುತ್ತದೆ.

1949ರಲ್ಲಿ ಜೈಂಟ್‌ನ ಕುಲುಮೆ ಶುರುವಾಯಿತು. ಮೊದಲ ಎರಡು ವರ್ಷ ಹೊಗೆಯನ್ನು ಹಿಡಿಯುವ ಯಾವ ಸಾಧನವೂ ಇರಲಿಲ್ಲ. ದಿನಕ್ಕೆ 7 ಟನ್ನಿಗೂ ಜಾಸ್ತಿ ಪಾಷಾಣ ಚಿಮ್ನಿಯಿಂದ ಹೊರಬಿದ್ದು ಸುತ್ತ ಹರಡಿತು. ಚಳಿಗಾಲದಲ್ಲಿ ಅದು ಹಿಮದ ಮೇಲೆ ಕೂರುತ್ತಿತ್ತು. ಊರಿನ ಬಿಳಿಯರಿಗೆ ನಲ್ಲಿಯಲ್ಲಿ ಅಥವಾ ಲಾರಿಯಲ್ಲಿ ನೀರು ಬರುತ್ತಿತ್ತು. ದೆನೆ ಮನೆಗಳಲ್ಲಿ ಹಿಮ ಕರಗಿಸಿಯೇ ಕುಡಿಯುತ್ತಿದ್ದರು. 1951ರ ವಸಂತದಲ್ಲಿ ಊರಂಚಿನ ಲೇಥಮ್ ದ್ವೀಪದ ಒಂದು ದೆನೆ ಮಗು ಆರ್ಸೆನಿಕ್ ವಿಷದಿಂದ ಸತ್ತಿತು. ಎರಡು ವರ್ಷದ ಗಂಡು ಮಗು. ಗಣಿ ಕಂಪನಿ ಆ ಕುಟುಂಬಕ್ಕೆ 750 ಡಾಲರ್ ಕೊಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಕಾಲದಲ್ಲಿ ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಅನ್ನುವ ಮಾತನ್ನು ಇಂಥ ಕಡೆಗಳಲ್ಲಿ ತುಂಬಾ ಕೇಳುತ್ತೇವೆ. ಇಲ್ಲಿ ಆ ಮಾತು ನಡೆಯುವುದಿಲ್ಲ. ಪಾಷಾಣ ವಿಷ ಎಂದು ಗೊತ್ತಿಲ್ಲದ ಕಾಲವೇ ಇರಲಿಲ್ಲ. ಮಗು ಸತ್ತ ಮೇಲೂ ಕುಲುಮೆ ನಿಲ್ಲಲಿಲ್ಲ. 1951ರ ಕೊನೆಯಲ್ಲಿ ವಿದ್ಯುತ್ತಿನಿಂದ ಧೂಳು ಹಿಡಿಯುವ ಯಂತ್ರ ಹಾಕಿದರು, 1958ರಲ್ಲಿ ಬಟ್ಟೆ ಚೀಲಗಳಲ್ಲಿ ಸೋಸುವ ಮನೆ ಕಟ್ಟಿದರು. ಚಿಮ್ನಿಯ ವಿಷ ಬಹಳ ಇಳಿಯಿತು, ನಿಜ. ಆದರೆ ಪೂರ್ತಿ ನಿಂತದ್ದು 1999ರಲ್ಲಿ ಕುಲುಮೆ ಆರಿದಾಗ. 1977ರಲ್ಲಿ ಮೂಲನಿವಾಸಿಗಳ ರಾಷ್ಟ್ರೀಯ ಸಂಘಟನೆ, ಉಕ್ಕು ಕಾರ್ಮಿಕರ ಯೂನಿಯನ್, ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಜನರ ಕೂದಲು ಪರೀಕ್ಷಿಸಿದರು. ಗಣಿ ಕೆಲಸಗಾರರಲ್ಲೂ ದೆನೆ ಮಕ್ಕಳಲ್ಲೂ ಆರ್ಸೆನಿಕ್ ಜಾಸ್ತಿ ಇತ್ತು. ಆ ಕೆಲಸಕ್ಕೆ ಕೈ ಹಾಕಿದವರು ತೊಂದರೆ ಅನುಭವಿಸಿದವರೇ. ಮೂಲನಿವಾಸಿಗಳೂ ಕಾರ್ಮಿಕರೂ ಒಟ್ಟಿಗೆ ಕೂತು ಮಾಡಿದ ಕೆಲಸ ಅದು. ನನಗೆ ಅದರ ಬಗ್ಗೆ ತುಂಬಾ ಗೌರವ ಇದೆ.

ಹಿಡಿದ ಪುಡಿಯನ್ನು ಏನು ಮಾಡಿದರು? ಗಣಿಯ ಒಳಗೇ ಹಾಕಿದರು. ಅದಿರು ತೆಗೆದು ಖಾಲಿಯಾದ ಗುಹೆಗಳಿಗೆ, ಅದಕ್ಕೆಂದೇ ಕೊರೆದ ಕೋಣೆಗಳಿಗೆ ಪೈಪಿನಲ್ಲಿ ಊದಿ ತುಂಬಿದರು. ಅಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ನೀರು ಒಳಗೆ ಬರುವುದಿಲ್ಲ, ಅಲ್ಲೇ ಇರಲಿ ಅನ್ನುವುದು ಅವರ ಲೆಕ್ಕ. ಆದರೆ ಗಣಿ ಕೆಲಸವೇ ನೆಲವನ್ನು ಬೆಚ್ಚಗೆ ಮಾಡಿತು. ಸುರಂಗಗಳಲ್ಲಿ ಗಾಳಿ ಹೋಯಿತು, ಮೇಲೆ ತೆರೆದ ಗುಂಡಿಗಳನ್ನು ತೋಡಿದರು. ಹೆಪ್ಪು ಕರಗಿತು. ಒಟ್ಟು 2,37,000 ಟನ್ ಪಾಷಾಣ ಇವತ್ತಿಗೂ ಆ ನೆಲದ ಕೆಳಗಿದೆ. ಊರಿನ ಅಂಚಿನಲ್ಲಿ, ಸರೋವರದ ಪಕ್ಕದಲ್ಲಿ.

ಈಗ ಒಂದು ಲೆಕ್ಕ ಹಾಕೋಣ. ಜೈಂಟ್ ಗಣಿ ತನ್ನ ಆಯುಷ್ಯದಲ್ಲಿ ತೆಗೆದದ್ದು ಸುಮಾರು 70 ಲಕ್ಷ ಔನ್ಸ್ ಚಿನ್ನ. ಅಂದರೆ ಹತ್ತಿರ ಹತ್ತಿರ 218 ಟನ್. ಪಾಷಾಣವನ್ನು ಇದರಿಂದ ಭಾಗಿಸಿ. ಒಂದು ಗ್ರಾಂ ಚಿನ್ನಕ್ಕೆ ಒಂದು ಕಿಲೋಗಿಂತ ಜಾಸ್ತಿ ವಿಷ ಬರುತ್ತದೆ. ಹತ್ತು ಗ್ರಾಂ ಸರಕ್ಕೆ ಹನ್ನೊಂದು ಕಿಲೋ ಆಗುತ್ತದೆ. ಆ ಸರ ಎಲ್ಲೋ ಯಾರದೋ ಕೊರಳಲ್ಲಿದೆ, ಅಥವಾ ಯಾವುದೋ ಬ್ಯಾಂಕಿನ ಕೋಣೆಯಲ್ಲಿದೆ. ಹನ್ನೊಂದು ಕಿಲೋ ಮಾತ್ರ ಯೆಲ್ಲೋನೈಫ್‌ನಲ್ಲೇ ಉಳಿದಿದೆ.

ಬೇರೆ ದಾರಿ ಇರಲಿಲ್ಲವೇ? ಕಾನ್ ಗಣಿಯಲ್ಲೂ ಮೊದಲು ಹುರಿಯುತ್ತಿದ್ದರು, ಅದರಿಂದಲೂ ವಿಷ ಹೊರಗೆ ಬಂತು. ಆದರೆ 1992ರಲ್ಲಿ ಅವರು ಆಟೊಕ್ಲೇವ್ ಹಾಕಿದರು. ಭಾರಿ ಒತ್ತಡದ ಹಂಡೆ ಅಂದುಕೊಳ್ಳಿ. ಅದರಲ್ಲಿ ಆರ್ಸೆನಿಕ್ ಹೊಗೆಯಾಗುವುದಿಲ್ಲ, ಕಬ್ಬಿಣದ ಜೊತೆ ಸೇರಿ ಸುಲಭವಾಗಿ ಕರಗದ ರೂಪಕ್ಕೆ ಬರುತ್ತದೆ. ಹಳೇ ಆರ್ಸೆನಿಕ್ ಕೆಸರನ್ನೂ ಅದರಲ್ಲೇ ಸಂಸ್ಕರಿಸಿದರು.

ಊರಿನ ಕಥೆಗೆ ವಾಪಸ್ ಬರೋಣ. ಸಾಮಾನ್ಯವಾಗಿ ಗಣಿ ಊರು ಗಣಿಯ ಜೊತೆ ಸಾಯುತ್ತದೆ. ಪೈನ್ ಪಾಯಿಂಟ್ ಅಂದೆನಲ್ಲ, ಎಂಬತ್ತರ ದಶಕದ ಕೊನೆಗೆ ಗಣಿ ಮುಚ್ಚಿದ ಮೇಲೆ ಆ ಊರನ್ನೇ ಕಿತ್ತರು. ಯೆಲ್ಲೋನೈಫ್ ಉಳಿದದ್ದು 1967ರ ಒಂದು ತೀರ್ಮಾನದಿಂದ. ಅಲ್ಲಿಯವರೆಗೆ ಇಡೀ ಪ್ರಾಂತ್ಯವನ್ನು ದೂರದಲ್ಲಿರುವ ಕೆನಡಾದ ರಾಜಧಾನಿ ಒಟ್ಟಾವಾದಿಂದ ಆಳುತ್ತಿದ್ದರು. ಆ ವರ್ಷ ಯೆಲ್ಲೋನೈಫ್ ರಾಜಧಾನಿ ಆಯಿತು. ಸೆಪ್ಟೆಂಬರ್‌ನಲ್ಲಿ ಕಮಿಷನರ್ ಸ್ಟುವರ್ಟ್ ಹಾಡ್ಜ್‌ಸನ್ ತಮ್ಮ ಸಿಬ್ಬಂದಿ, ಕಡತಗಳ ಸಮೇತ ವಿಮಾನದಲ್ಲಿ ಬಂದಿಳಿದರು. 1961ರಲ್ಲಿ ಮೂರು ಸಾವಿರ ಚಿಲ್ಲರೆ ಇದ್ದ ಜನಸಂಖ್ಯೆ 1971ಕ್ಕೆ ಆರು ಸಾವಿರ ದಾಟಿತು. ಕಚೇರಿ, ಶಾಲೆ, ಆಸ್ಪತ್ರೆ, ಕೋರ್ಟು ಬಂದವು. ಇವತ್ತು ಆ ಊರಿನ ಅತಿ ದೊಡ್ಡ ಸಂಬಳದಾತ ಸರ್ಕಾರ. ಪ್ರಾಂತ್ಯ ಸರ್ಕಾರದ ಹಣದಲ್ಲಿ ಬಹುಪಾಲು ಬರುವುದು ಒಟ್ಟಾವಾದ ಅನುದಾನದಿಂದ. ಚಿನ್ನದ ಊರು ಅನ್ನುತ್ತೇವೆ, ಆದರೆ ಐವತ್ತು ವರ್ಷದಿಂದ ಅದನ್ನು ನಿಲ್ಲಿಸಿರುವುದು ಸರ್ಕಾರದ ಸಂಬಳ.

ತೊಂಬತ್ತರ ದಶಕ ಕೆಟ್ಟದಾಗಿತ್ತು. 1990ರಲ್ಲಿ ಜೈಂಟ್ ಗಣಿಯನ್ನು ರಾಯಲ್ ಓಕ್ ಎಂಬ ಕಂಪನಿ ಕೊಂಡಿತು. ಖರ್ಚು ಇಳಿಸಬೇಕೆಂದು ಹಟ ಹಿಡಿಯಿತು. 1992ರ ಮೇ ತಿಂಗಳಲ್ಲಿ ಕೆಲಸ ನಿಂತಿತು. ಕಂಪನಿ ಹೊರಗಿನಿಂದ ಬದಲಿ ಕೆಲಸಗಾರರನ್ನು ತಂದಿತು. ಯೂನಿಯನ್ನಿನ ಕೆಲವರೂ ಮುಷ್ಕರ ಬಿಟ್ಟು ಒಳಗೆ ಹೋದರು. ಚಿಕ್ಕ ಊರು ಅದು. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟರು. ಅಣ್ಣತಮ್ಮಂದಿರು ಎದುರುಬದುರಾದರು. 1992ರ ಸೆಪ್ಟೆಂಬರ್ 18ರಂದು ನೆಲದಡಿ ಹಳಿಯ ಮೇಲೆ ಹೋಗುತ್ತಿದ್ದ ಗಾಡಿ ಬಾಂಬಿಗೆ ಸಿಕ್ಕಿ 9 ಜನ ಸತ್ತರು. ಬಾಂಬ್ ಇಟ್ಟವನು ಮುಷ್ಕರದಲ್ಲಿದ್ದ ಒಬ್ಬ ಗಣಿ ಕೆಲಸಗಾರ. 1995ರಲ್ಲಿ ಕೋರ್ಟು ಅವನು ತಪ್ಪಿತಸ್ಥ ಎಂದಿತು. ಕಾರ್ಮಿಕ ಮಂಡಳಿ ಕಂಪನಿ ಪ್ರಾಮಾಣಿಕವಾಗಿ ಮಾತುಕತೆ ನಡೆಸಿಲ್ಲ ಎಂದೂ ಹೇಳಿತು. ಶುರುವಾಗಿ ಹದಿನೆಂಟು ತಿಂಗಳ ನಂತರ, 1993ರ ಡಿಸೆಂಬರ್‌ನಲ್ಲಿ ಮುಷ್ಕರ ಮುಗಿಯಿತು. ಈ ಘಟನೆ ಬಗ್ಗೆ ನಾನು ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಆ ಒಂಬತ್ತು ಮನೆಗಳವರು ಇನ್ನೂ ಇದ್ದಾರೆ.

1999ರಲ್ಲಿ ಚಿನ್ನದ ಬೆಲೆ ಔನ್ಸಿಗೆ 250 ಡಾಲರ್ ಆಸುಪಾಸಿಗೆ ಬಿತ್ತು. ರಾಯಲ್ ಓಕ್ ದಿವಾಳಿಯಾಯಿತು. ಕೇಂದ್ರ ಸರ್ಕಾರ ಗಣಿಯ ಪರಿಸರದ ಹೊಣೆ ತಾನೇ ಹೊತ್ತುಕೊಂಡು, ಉಳಿದ ಅದಿರನ್ನು ಇನ್ನೊಂದು ಕಂಪನಿಗೆ ಕೊಟ್ಟಿತು. ಅವರು ಇನ್ನೂ ಕೆಲವು ವರ್ಷ ಅದಿರು ತೆಗೆದು ಕಾನ್ ಗಣಿಗೆ ಲಾರಿಯಲ್ಲಿ ಸಾಗಿಸಿದರು. ಕಾನ್ 2003ರಲ್ಲಿ, ಜೈಂಟ್ 2004ರಲ್ಲಿ ನಿಂತವು. 2016ರಲ್ಲಿ ಕಾನ್ ಗಣಿಯ 76 ಮೀಟರ್ ಎತ್ತರದ ಶಾಫ್ಟ್ ಗೋಪುರವನ್ನೂ ಸಿಡಿಸಿ ಕೆಡವಿದರು.

ಈಗ ಆ ಪಾಷಾಣಕ್ಕೆ ಏನು ಮಾಡುತ್ತಿದ್ದಾರೆ? ಹೆಪ್ಪುಗಟ್ಟಿಸುತ್ತಿದ್ದಾರೆ. ಕೋಣೆಗಳ ಸುತ್ತ ಕೊಳವೆಗಳನ್ನು ಇಳಿಸುತ್ತಾರೆ. ಅದರೊಳಗೆ ಒತ್ತಡದಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್. ಕೆಳಗೆ ನೆಲದ ಬಿಸಿ ತಗುಲಿ ಅದು ಆವಿಯಾಗಿ ಮೇಲೆ ಏರುತ್ತದೆ. ಮೇಲೆ ಚಳಿಗೆ ತಣಿದು ದ್ರವವಾಗಿ ಕೆಳಗೆ ಇಳಿಯುತ್ತದೆ. ಹೀಗೆ ಸುತ್ತುತ್ತಾ ನೆಲದ ಬಿಸಿಯನ್ನು ಹೊರಗೆ ಹಾಕುತ್ತದೆ. ಕರೆಂಟು ಬೇಡ. ಅಲಾಸ್ಕಾದ ತೈಲ ಪೈಪ್‌ಲೈನಿನ ಕಂಬಗಳಲ್ಲೂ ಇದೇ ಬಗೆಯ ಕೊಳವೆಗಳಿವೆ. ಜಾಣ ಉಪಾಯ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಯಾವತ್ತೂ ನಿಲ್ಲಿಸುವಂತಿಲ್ಲ. ಗಣಿಯೊಳಗೆ ಸೇರುವ ನೀರನ್ನು ಪಂಪ್ ಮಾಡಿ ಶುದ್ಧ ಮಾಡುವುದನ್ನೂ ನಿಲ್ಲಿಸುವಂತಿಲ್ಲ.

ಸರ್ಕಾರದ ಮೊದಲ ಯೋಜನೆಯಲ್ಲಿ ಇದು ಎಂದೆಂದಿಗೂ ನಡೆಯುವ ಕೆಲಸ ಎಂದೇ ಇತ್ತು. 2013ರಲ್ಲಿ ಪರಿಸರ ಪರಿಶೀಲನಾ ಮಂಡಳಿ ಅದನ್ನು ಒಪ್ಪಲಿಲ್ಲ. ಹೆಚ್ಚೆಂದರೆ 100 ವರ್ಷ, ಅಷ್ಟರಲ್ಲಿ ಶಾಶ್ವತ ಪರಿಹಾರ ಹುಡುಕಿ, 20 ವರ್ಷಕ್ಕೊಮ್ಮೆ ಪರಿಶೀಲಿಸಿ ಎಂದಿತು. ವಿಚಾರಣೆಯಲ್ಲಿ ದೆನೆ ಹಿರಿಯರು ಎತ್ತಿದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಾವಿರ ವರ್ಷದ ನಂತರ ಇಲ್ಲಿ ಬರುವವರಿಗೆ, ಇಲ್ಲಿ ಅಗೆಯಬೇಡಿ ಎಂದು ಹೇಗೆ ಹೇಳುವುದು? ಯಾವ ಭಾಷೆಯಲ್ಲಿ ಬೋರ್ಡ್ ಬರೆಯುವುದು? ಅವರಿಗೆ ಇದು ದೂರದ ಪ್ರಶ್ನೆ ಅಲ್ಲ. ಅವರ ಕಥೆಗಳು ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿವೆ. ಮುಂದೆಯೂ ದಾಟಬೇಕು ಎಂದೇ ಅವರು ಯೋಚಿಸುತ್ತಾರೆ.

ಖರ್ಚಿನ ಅಂದಾಜು ಮೊದಲು ಸುಮಾರು 100 ಕೋಟಿ ಡಾಲರ್ ಇತ್ತು. 2022ರಲ್ಲಿ ಅದು 438 ಕೋಟಿ ಕೆನಡಾ ಡಾಲರಿಗೆ ಏರಿತು. ಅಂದರೆ ತೆಗೆದ ಪ್ರತಿ ಔನ್ಸ್ ಚಿನ್ನಕ್ಕೆ 600 ಡಾಲರಿಗೂ ಜಾಸ್ತಿ ಶುದ್ಧಿ ಖರ್ಚು. ಆ ಗಣಿ ತನ್ನ ಮೊದಲ ಇಪ್ಪತ್ತು ವರ್ಷ ಔನ್ಸಿಗೆ 35 ಡಾಲರಿನ ಆಸುಪಾಸಿನಲ್ಲಿ ಚಿನ್ನ ಮಾರಿತ್ತು. ಹಣದ ಬೆಲೆ ಬದಲಾಗಿದೆ, ನೇರ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಈ ಎರಡು ಸಂಖ್ಯೆ ಪಕ್ಕಪಕ್ಕದಲ್ಲಿ ಇಟ್ಟು ನೋಡಲೇಬೇಕು. ಲಾಭ ಹಂಚಿಕೊಂಡ ಕಂಪನಿ ಈಗ ಇಲ್ಲ. ಖರ್ಚು ಕಟ್ಟುತ್ತಿರುವವರು ಕೆನಡಾದ ತೆರಿಗೆದಾರರು. ಮತ್ತೆ, ದುಡ್ಡಿನಲ್ಲಿ ಬರೆಯಲಾಗದ ಖರ್ಚು ಕಟ್ಟಿದವರು ದೆನೆ ಜನ. ಗಣಿ ಕೂತ ಜಾಗ ಅವರು ಹಣ್ಣು ಕೀಳುತ್ತಿದ್ದ, ಮೀನು ಹಿಡಿಯುತ್ತಿದ್ದ ಜಾಗ. ಇವತ್ತಿಗೂ ಊರಿನ ಹತ್ತಿರದ ಕೆಲವು ಕೆರೆಗಳ ನೀರು ಕುಡಿಯಬೇಡಿ, ಮೀನು ತಿನ್ನಬೇಡಿ ಎಂಬ ಎಚ್ಚರಿಕೆ ಇದೆ. ಅವರು ಕೇಂದ್ರ ಸರ್ಕಾರದಿಂದ ಕ್ಷಮೆ ಮತ್ತು ಪರಿಹಾರ ಕೇಳುತ್ತಾ ಬಂದಿದ್ದಾರೆ. ನನ್ನ ಮಟ್ಟಿಗೆ ಅದು ಪೂರ್ತಿ ನ್ಯಾಯವಾದ ಬೇಡಿಕೆ.

ವಜ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1991ರಲ್ಲಿ ಚಕ್ ಫಿಪ್ಕಿ ಮತ್ತು ಸ್ಟುವರ್ಟ್ ಬ್ಲಸನ್ ಊರಿನಿಂದ ಸುಮಾರು 300 ಕಿಲೋಮೀಟರ್ ಈಶಾನ್ಯಕ್ಕೆ ಲಾಕ್ ದ ಗ್ರಾ ಸರೋವರದ ಬಳಿ ವಜ್ರ ಪತ್ತೆ ಮಾಡಿದರು. 1998ರಲ್ಲಿ ಎಕಾಟಿ, 2003ರಲ್ಲಿ ಡಯಾವಿಕ್ ಗಣಿ ಶುರುವಾದವು. ಚಿನ್ನ ಮುಗಿಯುವ ಹೊತ್ತಿಗೇ ವಜ್ರ ಬಂದದ್ದು ಆ ಊರಿನ ಅದೃಷ್ಟ. ಆದರೆ ಇದು ಬೇರೆ ಥರದ ಗಣಿಗಾರಿಕೆ. ಕೆಲಸಗಾರರು ವಿಮಾನದಲ್ಲಿ ಹೋಗಿ ಎರಡು ವಾರ ಕೆಲಸ ಮಾಡಿ, ಎರಡು ವಾರ ಮನೆಗೆ ಬರುತ್ತಾರೆ. ತುಂಬಾ ಜನರ ಮನೆ ದಕ್ಷಿಣದ ಪ್ರಾಂತ್ಯಗಳಲ್ಲಿ. ಸಂಬಳ ಅಲ್ಲಿಗೇ ಹೋಗುತ್ತದೆ. ಡೀಸೆಲ್, ಸಿಮೆಂಟ್, ಯಂತ್ರ, ಎಲ್ಲ ಹೋಗುವುದು ಹೆಪ್ಪುಗಟ್ಟಿದ ಸರೋವರಗಳ ಮೇಲೆ ಹಾಕುವ ರಸ್ತೆಯಲ್ಲಿ. ವರ್ಷಕ್ಕೆ ಎರಡು ತಿಂಗಳ ಆಸುಪಾಸು ಮಾತ್ರ ಅದು ತೆರೆದಿರುತ್ತದೆ. ವಜ್ರವನ್ನು ಅಲ್ಲೇ ಕತ್ತರಿಸಿ ಹೊಳಪು ಕೊಡುವ ಕಾರ್ಖಾನೆಗಳನ್ನೂ ಯೆಲ್ಲೋನೈಫ್‌ನಲ್ಲಿ ಶುರು ಮಾಡಿದ್ದರು. ನಿಲ್ಲಲಿಲ್ಲ. ಜಗತ್ತಿನ ವಜ್ರಗಳಲ್ಲಿ ಬಹುಪಾಲಿಗೆ ಹೊಳಪು ಕೊಡುವುದು ನಮ್ಮ ಸೂರತ್. ಆ ಕೂಲಿಗೆ ಅಲ್ಲಿ ಕೆಲಸ ಮಾಡಿಸಲು ಆಗಲಿಲ್ಲ. ಈಗ ವಜ್ರವೂ ಮುಗಿಯುತ್ತಾ ಬಂದಿದೆ. ಡಯಾವಿಕ್ 2026ರಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಮೊದಲೇ ಹೇಳಿತ್ತು.

ಇನ್ನೊಂದು ವಿಷಯ, ರಸ್ತೆ. 2012ರ ನವೆಂಬರ್‌ನಲ್ಲಿ ಮೆಕೆಂಜಿ ನದಿಗೆ ಸೇತುವೆ ಬರುವವರೆಗೆ, ಹೆಪ್ಪು ಕಟ್ಟುವ ಮತ್ತು ಕರಗುವ ದಿನಗಳಲ್ಲಿ ಊರಿಗೆ ಲಾರಿಯೇ ಬರುತ್ತಿರಲಿಲ್ಲ. ತರಕಾರಿ, ಹಾಲು ವಿಮಾನದಲ್ಲಿ ಬರಬೇಕಿತ್ತು. 2023ರ ಆಗಸ್ಟ್ 16ರಂದು ಕಾಡ್ಗಿಚ್ಚು ಹತ್ತಿರ ಬಂದಾಗ ಇಡೀ ಊರನ್ನು ಖಾಲಿ ಮಾಡಲು ಆದೇಶ ಬಂತು. ಬಹಳ ಜನ ಅದೊಂದೇ ರಸ್ತೆಯಲ್ಲಿ, ಹೊಗೆಯ ನಡುವೆ ಕಾರಿನಲ್ಲಿ ಹೊರಟರು. ಸೆಪ್ಟೆಂಬರ್ 6ರವರೆಗೆ ವಾಪಸ್ ಬರಲಾಗಲಿಲ್ಲ.

ಉಪನ್ಯಾಸದ ನಂತರ ಕೆಲವರು ಪ್ರಶ್ನೆ ಕೇಳಿದರು. ಎರಡಕ್ಕೆ ಇಲ್ಲಿ ಉತ್ತರ ಬರೆಯುತ್ತೇನೆ.

ಆ ಪುಡಿಯನ್ನು ಹೊರತೆಗೆದು ನಾಶ ಮಾಡಬಾರದೇ? ಆರ್ಸೆನಿಕ್ ಮೂಲಧಾತು. ಅದನ್ನು ಸುಟ್ಟು ಇಲ್ಲವಾಗಿಸಲು ಬರುವುದಿಲ್ಲ, ಬೇರೆ ರೂಪಕ್ಕೆ ತರಬಹುದು ಅಷ್ಟೇ. ಗಾಜಿನೊಳಗೆ ಕರಗಿಸಿ ಸೇರಿಸುವಂಥ ದಾರಿಗಳ ಬಗ್ಗೆ ಸಂಶೋಧನೆ ನಡೆದಿದೆ. ಆದರೆ ನಯವಾದ ಆ ವಿಷದ ಪುಡಿಯನ್ನು ನೆಲದಿಂದ ಮೇಲೆ ತರುವುದೇ ದೊಡ್ಡ ಅಪಾಯ. ಅದಕ್ಕೇ ಸದ್ಯಕ್ಕೆ ಹೆಪ್ಪು.

ಚಿನ್ನದ ಬೆಲೆ ಈಗ ಇಷ್ಟು ಏರಿದೆ, ಮತ್ತೆ ಅಲ್ಲಿ ಗಣಿ ಬರುತ್ತದೆಯೇ? ಬರಬಹುದು. ಕಾನ್ ಗಣಿಯ ಸುತ್ತಮುತ್ತ ಮತ್ತೆ ಡ್ರಿಲ್ ಮಾಡುತ್ತಿದ್ದಾರೆ, ಹಳೇ ಸುರಂಗಗಳಿಗಿಂತ ಆಳದಲ್ಲೂ ಹುಡುಕಿದ್ದಾರೆ. ಬಂದರೆ ಅದು 1935ರ ಗಣಿಯಂತೆ ಇರುವುದಿಲ್ಲ. ಈಗ ಅಲ್ಲಿ ಭೂಮಿ ಮತ್ತು ನೀರಿನ ಮಂಡಳಿ ಇದೆ, ಅದರಲ್ಲಿ ಮೂಲನಿವಾಸಿಗಳು ನೇಮಿಸಿದ ಸದಸ್ಯರೂ ಇರುತ್ತಾರೆ. ಗಣಿ ಮುಚ್ಚುವ ಯೋಜನೆಯನ್ನು ಮೊದಲೇ ಕೊಡಬೇಕು. ಶುದ್ಧಿ ಖರ್ಚಿಗೆ ಭದ್ರತಾ ಠೇವಣಿ ಇಡಬೇಕು. ವಜ್ರದ ಗಣಿಗಳು ಹಾಗೆ ಠೇವಣಿ ಇಟ್ಟವು, ದೆನೆ ಸಮುದಾಯಗಳ ಜೊತೆ ಉದ್ಯೋಗ ಮತ್ತು ಹಣದ ಒಪ್ಪಂದಗಳನ್ನೂ ಮಾಡಿಕೊಂಡವು. ಠೇವಣಿಯ ಮೊತ್ತ ಎಷ್ಟಿರಬೇಕು ಎಂಬುದರ ಮೇಲೆ ಕಂಪನಿಗಳು ಪ್ರತಿ ಸಲ ಜಗ್ಗಾಡುತ್ತವೆ. ಹೊಸ ಗಣಿಯ ಅರ್ಜಿ ಬಂದ ದಿನ ನಾನು ಮೊದಲು ಹುಡುಕುವುದು ಆ ಮೊತ್ತವನ್ನೇ. ಅದಿರಿನಲ್ಲಿ ಎಷ್ಟು ಚಿನ್ನ ಇದೆ ಅನ್ನುವುದನ್ನು ಆಮೇಲೆ ನೋಡುತ್ತೇನೆ.